'ಡೇರ್': ಶೆಫೀಲ್ಡಿನ ಒಂದು ಆಲ್ಬಂನ ಚರಿತ್ರೆ

ಹ್ಯೂಮನ್ ಲೀಗ್ ತಂಡದ 'ಡೇರ್' 1981ರ ಅಕ್ಟೋಬರ್‌ನಲ್ಲಿ ವರ್ಜಿನ್ ಕಂಪನಿಯಿಂದ ಹೊರಬಂತು. ಪಂಕ್ ಸಂಗೀತದ ಅಬ್ಬರ ಇಳಿದ ಮೇಲೆ ಬ್ರಿಟನ್ನಿನಲ್ಲಿ ತಲೆಯೆತ್ತಿದ ನ್ಯೂ ವೇವ್ ಪಾಪ್‌ನಲ್ಲಿ ಸಿಂಥಸೈಜರ್‌ನ ದನಿಯನ್ನು ಮನೆಮನೆಗೂ ಮುಟ್ಟಿಸಿದ ಆಲ್ಬಂಗಳ ಪೈಕಿ ಇದಕ್ಕೆ ಮೊದಲ ಸಾಲಿನ ಜಾಗವಿದೆ. ಗಿಟಾರ್ ಮತ್ತು ಡ್ರಮ್ ಸೆಟ್‌ಗಳನ್ನು ಬದಿಗಿಟ್ಟು ಮಾಡಿದ್ದರಿಂದ, ಇದು ಯಂತ್ರಗಳೇ ನುಡಿಸಿದ ಸಂಗೀತ ಎಂಬ ಮಾತು ಅಂದಿನಿಂದಲೂ ಇದೆ. ಅದು ಅರ್ಧ ಸತ್ಯ ಮಾತ್ರ. ಆ ಯಂತ್ರಗಳ ಹಿಂದೆ ತಿಂಗಳುಗಟ್ಟಲೆ ನಡೆದ ಕೈಕೆಲಸವಿತ್ತು.

ತಂಡದ ಊರು ಇಂಗ್ಲೆಂಡಿನ ಉಕ್ಕಿನ ನಗರ ಶೆಫೀಲ್ಡ್. ಮಾರ್ಟಿನ್ ವೇರ್ ಮತ್ತು ಇಯಾನ್ ಕ್ರೇಗ್ ಮಾರ್ಷ್ ಅಲ್ಲಿ ಕಂಪ್ಯೂಟರ್ ಆಪರೇಟರ್‌ಗಳಾಗಿದ್ದರು. ಸಿಂಥಸೈಜರ್‌ಗಳು ಸಾಮಾನ್ಯ ಸಂಬಳದವರ ಕೈಗೂ ಎಟುಕತೊಡಗಿದ ಕಾಲವದು. ಇಬ್ಬರೂ ಒಂದೊಂದು ಕೊಂಡು ತಂಡ ಕಟ್ಟಿದರು. ವೇರ್‌ನ ಶಾಲಾ ಗೆಳೆಯ ಫಿಲಿಪ್ ಓಕಿ ಗಾಯಕನಾಗಿ ಸೇರಿಕೊಂಡ. ಆಸ್ಪತ್ರೆಯಲ್ಲಿ ಪೋರ್ಟರ್ ಆಗಿದ್ದ ಆತನಿಗೆ ಯಾವ ವಾದ್ಯವೂ ಬರುತ್ತಿರಲಿಲ್ಲ. 1978ರಲ್ಲಿ 'ಬೀಯಿಂಗ್ ಬಾಯ್ಲ್ಡ್' ಎಂಬ ಮೊದಲ ಹಾಡು, ಆಮೇಲೆ ಎರಡು ಆಲ್ಬಂಗಳು ಬಂದವು. ವಿಮರ್ಶಕರು ಮೆಚ್ಚಿದರು, ಮಾರಾಟ ಮಾತ್ರ ಏಳಲಿಲ್ಲ.

1980ರ ಕೊನೆಯ ಹೊತ್ತಿಗೆ ತಂಡ ಒಡೆಯಿತು. ವೇರ್ ಮತ್ತು ಮಾರ್ಷ್ ಹೊರನಡೆದು ಹೆವನ್ 17 ತಂಡ ಕಟ್ಟಿದರು. ಹ್ಯೂಮನ್ ಲೀಗ್ ಎಂಬ ಹೆಸರು, ಅದರ ಜೊತೆಗೆ ಸಾಲ ಮತ್ತು ಮೊದಲೇ ಒಪ್ಪಿಕೊಂಡಿದ್ದ ಯುರೋಪ್ ಪ್ರವಾಸ, ಓಕಿ ಹಾಗೂ ವೇದಿಕೆಯಲ್ಲಿ ಸ್ಲೈಡ್ ತೋರಿಸುತ್ತಿದ್ದ ಏಡ್ರಿಯನ್ ರೈಟ್‌ರ ಪಾಲಿಗೆ ಬಂದವು. ಇಬ್ಬರೂ ಪಳಗಿದ ಸಂಗೀತಗಾರರಲ್ಲ. ಪ್ರವಾಸಕ್ಕೆ ಉಳಿದಿದ್ದದ್ದು ಕೆಲವೇ ದಿನ. ಆಗ ಓಕಿ ಶೆಫೀಲ್ಡಿನ ಕ್ರೇಜಿ ಡೇಸಿ ನೈಟ್‌ಕ್ಲಬ್ಬಿನಲ್ಲಿ ಕುಣಿಯುತ್ತಿದ್ದ ಸೂಸನ್ ಆ್ಯನ್ ಸಲ್ಲಿ ಮತ್ತು ಜೋಆ್ಯನ್ ಕ್ಯಾಥರಾಲ್ ಎಂಬ ಗೆಳತಿಯರನ್ನು ಕಂಡು, ತಂಡಕ್ಕೆ ಬನ್ನಿ ಎಂದು ಕರೆದ. ಇಬ್ಬರೂ ಇನ್ನೂ ಹದಿಹರೆಯದ ವಿದ್ಯಾರ್ಥಿನಿಯರು, ಹಾಡಿ ಅನುಭವವಿಲ್ಲದವರು. ಅಂದು ಹುಚ್ಚು ಸಾಹಸದಂತೆ ಕಂಡ ಈ ಆಯ್ಕೆಯೇ ತಂಡವನ್ನು ಉಳಿಸಿತು. ಬಳಿಕ ಇಯಾನ್ ಬರ್ಡನ್, ರೆಜಿಲೋಸ್ ತಂಡದಲ್ಲಿದ್ದ ಜೋ ಕ್ಯಾಲಿಸ್ ಬಂದು ಸೇರಿದರು. ರಾಗ ಕಟ್ಟುವ ಕೈಗಳು ಹೀಗೆ ಒದಗಿದವು.

ಆಲ್ಬಂಗೆ ರೂಪ ಕೊಟ್ಟವನು ನಿರ್ಮಾಪಕ ಮಾರ್ಟಿನ್ ರಷಂಟ್. ಬಜ್‌ಕಾಕ್ಸ್, ಸ್ಟ್ರಾಂಗ್ಲರ್ಸ್‌ನಂಥ ಗಿಟಾರ್ ತಂಡಗಳ ಜೊತೆ ಹೆಸರು ಮಾಡಿದ್ದ ಆತ, ಬರ್ಕ್‌ಷೈರ್‌ನ ಸ್ಟ್ರೀಟ್ಲಿಯಲ್ಲಿದ್ದ ತನ್ನ ಜೆನೆಟಿಕ್ ಸ್ಟುಡಿಯೋದಲ್ಲಿ ಹೊಸ ಯಂತ್ರಗಳನ್ನು ತುಂಬಿಕೊಂಡಿದ್ದ. ರೋಲೆಂಡ್ ಕಂಪನಿಯ ಎಂಸಿ-8 ಯಂತ್ರದಲ್ಲಿ ರಾಗವನ್ನು ನುಡಿಸುವಂತಿರಲಿಲ್ಲ, ಅಂಕಿಗಳಲ್ಲಿ ಬರೆಯಬೇಕಿತ್ತು. ಒಂದು ಸ್ವರ ಎಂದರೆ ಮೂರು ಅಂಕಿ: ಅದರ ಎತ್ತರ (ಪಿಚ್) ಎಷ್ಟು, ಮುಂದಿನ ಸ್ವರ ಎಷ್ಟು ಹೊತ್ತಿಗೆ ಬರಬೇಕು, ಅಷ್ಟರೊಳಗೆ ಇದು ಎಷ್ಟು ಹೊತ್ತು ನಿಲ್ಲಬೇಕು. ಇವನ್ನು ಒಂದೊಂದಾಗಿ ಕೀಲಿಮಣೆಯಲ್ಲಿ ಒತ್ತಿ, ಕ್ಯಾಸೆಟ್ಟಿನಲ್ಲಿ ಉಳಿಸಿಕೊಳ್ಳಬೇಕು. ಕೆಲವು ಕ್ಷಣ ಕೇಳಿಸುವ ಸಾಲಿಗೆ ಗಂಟೆಗಟ್ಟಲೆ ದುಡಿಮೆ. ತಾಳಕ್ಕೆ ರೋಜರ್ ಲಿನ್ 1980ರಲ್ಲಿ ತಂದ ಎಲ್‌ಎಂ-1 ಡ್ರಮ್ ಮಷಿನ್ ಇತ್ತು. ನಿಜವಾದ ಡ್ರಮ್ಮಿನ ಪೆಟ್ಟುಗಳನ್ನೇ ಡಿಜಿಟಲ್ ಆಗಿ ಮುದ್ರಿಸಿಕೊಂಡು ಮಾರಾಟಕ್ಕೆ ಬಂದ ಮೊದಲ ಡ್ರಮ್ ಮಷಿನ್ ಅದು. ಮೆಮರಿ ಚಿಪ್‌ಗಳು ಆಗ ತುಂಬ ದುಬಾರಿ. ಹಾಗಾಗಿ ಅನುರಣನ ಬಹಳ ಹೊತ್ತು ಉಳಿಯುವ ದೊಡ್ಡ ತಾಳದ ತಟ್ಟೆಗಳ ಸದ್ದನ್ನು ಅದರಲ್ಲಿ ಸೇರಿಸಿರಲಿಲ್ಲ. 'ಡೇರ್'ನ ತಾಳ ಅಷ್ಟು ಒಣದಾಗಿ, ಚೊಕ್ಕವಾಗಿ ಕೇಳಿಸುವುದರಲ್ಲಿ ಈ ಕೊರತೆಯ ಪಾಲೂ ಇದೆ.

ಇಂಥ ಕರಾರುವಾಕ್ಕಾದ ಹಿಮ್ಮೇಳದ ಮೇಲೆ ಕೂತದ್ದು ಪಳಗದ ಕಂಠಗಳು. ಓಕಿಯ ದಪ್ಪ, ಗಂಭೀರ ದನಿ. ಅದರ ಬದಿಗೆ ಶೆಫೀಲ್ಡಿನ ಇಬ್ಬರು ಹುಡುಗಿಯರ ಅಲಂಕಾರವಿಲ್ಲದ ದನಿ. ಆಲ್ಬಂನ ಜೀವ ಇರುವುದೇ ಈ ಜೋಡಣೆಯಲ್ಲಿ. ನುರಿತ ಗಾಯಕಿಯರು ಹಾಡಿದ್ದರೆ ಅದು ಇಷ್ಟು ಹತ್ತಿರದ್ದು ಅನ್ನಿಸುತ್ತಿರಲಿಲ್ಲ. ವಸ್ತುಗಳಲ್ಲೂ ವೈವಿಧ್ಯವಿದೆ: 'ಸೆಕೆಂಡ್ಸ್' ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯ ಕುರಿತದ್ದು, 'ಗೆಟ್ ಕಾರ್ಟರ್' ಚಿತ್ರಕ್ಕೆ ರಾಯ್ ಬಡ್ ಮಾಡಿದ ರಾಗದ ತುಣುಕೂ ಇದೆ. ಬಿಳಿಯ ಹೊದಿಕೆಯ ವಿನ್ಯಾಸಕ್ಕೆ ವೋಗ್ ಪತ್ರಿಕೆಯ ಮುಖಪುಟ ಮಾದರಿಯಾಯಿತು.

ಕೊನೆಯ ಹಾಡು 'ಡೋಂಟ್ ಯು ವಾಂಟ್ ಮಿ'. ತಾನೇ ಬೆಳೆಸಿದೆನೆಂದು ಹಕ್ಕು ಸಾಧಿಸುವ ಗಂಡಸಿಗೆ, ಮೊದಲು ಪರಿಚಾರಿಕೆಯಾಗಿದ್ದ ಹೆಣ್ಣು ಎರಡನೆಯ ಚರಣದಲ್ಲಿ ನೇರ ಉತ್ತರ ಕೊಡುತ್ತಾಳೆ. ಅದನ್ನು ಹಾಡಿದವಳು ಸಲ್ಲಿ. ಓಕಿಗೆ ಈ ಹಾಡು ಹಿಡಿಸಿರಲಿಲ್ಲ. ಬಿಡಿಯಾಗಿ ಬಿಡುಗಡೆ ಮಾಡಲೇಬೇಕೆಂದು ವರ್ಜಿನ್‌ನ ಸೈಮನ್ ಡ್ರೇಪರ್ ಪಟ್ಟು ಹಿಡಿದಾಗ, ಅಭಿಮಾನಿಗಳಿಗೆ ಮೋಸವಾಗದಂತೆ ಜೊತೆಗೆ ದೊಡ್ಡ ಬಣ್ಣದ ಪೋಸ್ಟರ್ ಕೊಡಬೇಕೆಂದು ಓಕಿ ಷರತ್ತು ಹಾಕಿದ. ಹಾಡು ಕ್ರಿಸ್‌ಮಸ್ ಹೊತ್ತಿಗೆ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲನೆಯದಾಗಿ 5 ವಾರ ನಿಂತಿತು. 1981ರಲ್ಲಿ ಅಲ್ಲಿ ಅತಿ ಹೆಚ್ಚು ಮಾರಾಟವಾದ ಬಿಡಿ ಹಾಡುಗಳಲ್ಲಿ ಅದೂ ಒಂದು. ಆಗಷ್ಟೇ ಶುರುವಾಗಿದ್ದ ಎಂಟಿವಿಯ ಬಲವೂ ಸೇರಿ 1982ರ ಜುಲೈನಲ್ಲಿ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು.

ಆತಂಕವೂ ಎದ್ದಿತು. 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಒಕ್ಕೂಟದ ಲಂಡನ್ ಶಾಖೆಯೊಂದು ಸಿಂಥಸೈಜರ್ ಮತ್ತು ಡ್ರಮ್ ಮಷಿನ್‌ಗಳ ಬಳಕೆಗೆ ತಡೆ ಬೇಕೆಂದು ಗೊತ್ತುವಳಿ ಮಾಡಿತು. ದುಡಿಮೆ ಹೋದೀತೆಂಬ ಭಯ ಸುಳ್ಳಲ್ಲ. ಆದರೆ ಯಂತ್ರವಿದ್ದಲ್ಲಿ ಶ್ರಮವಿಲ್ಲ ಎಂಬ ಎಣಿಕೆ 'ಡೇರ್'ನ ಮಟ್ಟಿಗೆ ತಪ್ಪು. ಅದೇ ವರ್ಷ ರಷಂಟ್ ಆಲ್ಬಂನ ಹಾಡುಗಳನ್ನು ಮತ್ತೆ ಬಿಚ್ಚಿ, ಟೇಪನ್ನು ಕತ್ತರಿಸಿ ಅಂಟಿಸಿ, ಬಹುಪಾಲು ವಾದ್ಯರೂಪದ 'ಲವ್ ಆ್ಯಂಡ್ ಡ್ಯಾನ್ಸಿಂಗ್' ಮಾಡಿದ. ರೀಮಿಕ್ಸ್ ಆಲ್ಬಂಗಳ ಚರಿತ್ರೆಯಲ್ಲಿ ಅದು ತೀರ ಮೊದಲಿನ ಕೆಲಸಗಳಲ್ಲೊಂದು. 'ಡೇರ್' ಕೇಳಿದ ಬೆನ್ನಿಗೇ ಅದನ್ನೂ ಕೇಳಬೇಕು. ಕಂಠಗಳ ಅಡಿಯಲ್ಲಿ ಎಷ್ಟು ಕೆಲಸ ಅಡಗಿತ್ತೆಂಬುದು ಆಗ ಸ್ಪಷ್ಟವಾಗುತ್ತದೆ.