56 ಎಪಿಓ ಕಾಗದಗಳು

ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಬ್ರ್ಯಾಂಚ್ ಪೋಸ್ಟ್‌ಮಾಸ್ತರನಾಗಿದ್ದೆ. ಮಿಲಿಟರಿಗೆ ಹೋದ ಹುಡುಗರ ತಾಯಂದಿರಿಗೆ ಕಾಗದ ಓದಿ ಹೇಳುವುದು, ಅವರು ಹೇಳಿದ್ದನ್ನು ಇನ್‌ಲ್ಯಾಂಡಿನಲ್ಲಿ ಬರೆದು ‘56 ಎಪಿಓ’ ಎಂಬ ಸೇನಾ ಅಂಚೆಯ ವಿಳಾಸ ಹಾಕುವುದು ಸಂಬಳವಿಲ್ಲದ ಕೆಲಸವಾಗಿತ್ತು. “ಮಾಸ್ತರ, ಎಮ್ಮಿ ಸತ್ತದ್ದು ಬರೀಬ್ಯಾಡ್ರಿ, ಮನಸಿಗೆ ಹಚ್ಕೋತಾನ. ಬದುವಿನ ಜಗಳಾ ಅಂತೂ ಬ್ಯಾಡೇ ಬ್ಯಾಡ” ಎನ್ನುವರು. ಆ ಕಡೆಯಿಂದ ಬರುವ ಕಾಗದದಲ್ಲೂ ‘ನಾನು ಆರಾಮ ಇದ್ದೇನೆ’ ಎಂಬುದೇ ಮೊದಲ ಸಾಲು, ಅದೇ ಕೊನೆಯದು. ಹುಡುಗ ಸುಟ್ಟಿಗೆ ಬಂದಾಗಲೇ ನಿಜ ಹೊರಬೀಳುತ್ತಿತ್ತು.

ಇಂಥ ಕಾಗದಗಳಿಂದ ಸಿಪಾಯಿಯ ಮನಸ್ಸು ಅಳೆಯುವ ಪ್ರಯತ್ನ ಮೊದಲ ಮಹಾಯುದ್ಧದಲ್ಲೇ ನಡೆದಿತ್ತು. 1914ರಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸೈನಿಕರ ಟಪಾಲನ್ನು ಬ್ರಿಟಿಷರು ತೆರೆದು, ಆಯ್ದ ಕಾಗದಗಳನ್ನು ಅನುವಾದಿಸಿ, ಪಡೆಯ ಧೈರ್ಯ ಹೇಗಿದೆ ಎಂದು ವರದಿ ಮಾಡುತ್ತಿದ್ದರು. ಕಾಗದ ಒಡೆಯುತ್ತಾರೆಂದು ಸಿಪಾಯಿಗಳಿಗೆ ಗೊತ್ತಾದ ಮೇಲೆ ಮಾತು ಒಗಟಾಯಿತು. ಅಳತೆಗೋಲು ಕಂಡ ಕೂಡಲೇ ಮನುಷ್ಯ ಮೈ ಬಿಗಿಹಿಡಿಯುತ್ತಾನೆ; ಸೈನಿಕರ ಒತ್ತಡ ಅಳೆಯುವ ಇಂದಿನ ಪ್ರಶ್ನಾವಳಿಗೂ ಈ ಕಾಟ ತಪ್ಪಿಲ್ಲ.

1915ರಲ್ಲಿ ಬ್ರಿಟಿಷರಿಗೆ ಒಂದು ಅನುಮಾನ ಎದ್ದಿತು: ಭಾರತೀಯ ಗಾಯಾಳುಗಳಲ್ಲಿ ಅನೇಕರು ಯುದ್ಧದಿಂದ ಪಾರಾಗಲು ತಮ್ಮ ಕೈಗೆ ತಾವೇ ಗುಂಡು ಹೊಡೆದುಕೊಳ್ಳುತ್ತಿದ್ದಾರೆಂದು. ಇಂಗ್ಲೆಂಡಿನ ಬ್ರೈಟನ್ನಿನಲ್ಲಿದ್ದ ಕಿಚನರ್ ಇಂಡಿಯನ್ ಆಸ್ಪತ್ರೆಯ ಕರ್ನಲ್ ಬ್ರೂಸ್ ಸೀಟನ್ 1,000 ಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿ, ಆ ಅನುಮಾನಕ್ಕೆ ಆಧಾರವಿಲ್ಲ ಎಂದು ಬರೆದ. ಊಹೆ ಬಿಟ್ಟು ಎಣಿಸಿದ ಆ ಮನುಷ್ಯನ ಮೇಲೆ ನನಗೆ ಗೌರವವಿದೆ.

ನಮ್ಮ ಭಾಗದವರು ಸೇರುತ್ತಿದ್ದ ಮರಾಠಾ ಪಲ್ಟನ್ನುಗಳು ಹೋದದ್ದು ಹೆಚ್ಚಾಗಿ ಮೆಸಪೊಟೇಮಿಯಾಕ್ಕೆ (ಈಗಿನ ಇರಾಕ್). 103, 110 ಮತ್ತು 117ನೇ ಪಲ್ಟನ್ನುಗಳು ಕೂತ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿಗೆ; ಬರಬರುತ್ತ ಹೊಟ್ಟೆಗಿಲ್ಲದಾಯಿತು. ಕುದುರೆ ಮಾಂಸ ತಿನ್ನಲು ಎಷ್ಟೋ ಭಾರತೀಯರು ಒಪ್ಪಲಿಲ್ಲ. ಸೇನಾಧಿಕಾರಿಗಳು ಧರ್ಮಗುರುಗಳ ಅನುಮತಿ ತರಿಸಬೇಕಾಯಿತು. ಕೊನೆಗೆ ಸುಮಾರು 13,000 ಜನ ಶರಣಾದರು. ಆ ದಿನಗಳಲ್ಲಿ ಮನಸ್ಸಿಗೆ ಆದದ್ದನ್ನು ಯಾರು ಅಳೆದರು? 1922ರಿಂದ ಬೆಳಗಾವಿಯಲ್ಲಿ ರಂಗರೂಟರನ್ನು ತಯಾರಿಸುತ್ತಿರುವ ಮರಾಠಾ ರೆಜಿಮೆಂಟು ಅಂಥ ಅನುಭವದ ಬೆನ್ನಿಗೇ ನಿಂತದ್ದು.

ಆ ಯುದ್ಧದ ನಂತರ ಎರಡು ಕೆಲಸ ನಡೆದವು. 1919ರಲ್ಲಿ ಸೈನಿಕರ ಕುಟುಂಬಗಳಿಗಾಗಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಬಂತು. ಈಗಿನ ಸೈನಿಕ ಬೋರ್ಡುಗಳ ಬೇರು ಅಲ್ಲಿದೆ. 1925ರಲ್ಲಿ ಸೈನಿಕರ ವ್ಯಾಜ್ಯ ಕಾಯ್ದೆ ಬಂತು: ಯುದ್ಧದಂಥ ವಿಶೇಷ ಪರಿಸ್ಥಿತಿಯಲ್ಲಿ ದುಡಿಯುತ್ತಿರುವವನ ಮೊಕದ್ದಮೆಯನ್ನು ಅವನ ಬೆನ್ನ ಹಿಂದೆ ತೀರ್ಮಾನಿಸದೆ ತಡೆಹಿಡಿಯುವ ವ್ಯವಸ್ಥೆ. ಅದರಲ್ಲಿ ‘ಮಾನಸಿಕ ಒತ್ತಡ’ ಎಂಬ ಮಾತೇ ಇಲ್ಲ. ಆದರೂ ನನ್ನ ಮಟ್ಟಿಗೆ ಈ ದೇಶದ ಮೊದಲ ಒತ್ತಡ ನಿವಾರಣಾ ಕಾರ್ಯಕ್ರಮ ಅದೇ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಅಣ್ಣ ತಮ್ಮಂದಿರು ಹೆಸರು ಹಾರಿಸಿದರೆ ಎಂಬ ದಿಗಿಲನ್ನು ನಾನು ಸುಟ್ಟಿಗೆ ಬಂದ ಹುಡುಗರ ಬಾಯಲ್ಲಿ ಕೇಳಿದಷ್ಟು ಗುಂಡಿನ ದಿಗಿಲನ್ನು ಕೇಳಿಲ್ಲ.

ನಮ್ಮ ಕಾಲಕ್ಕೆ ಸೇನೆಯಲ್ಲಿ ಒತ್ತಡ ನಿವಾರಣಾ ಕಾರ್ಯಕ್ರಮಗಳು ಬೆಳೆದವು. ಯೋಗ, ಧ್ಯಾನ, ಆಪ್ತಸಮಾಲೋಚಕರು, ಮಾನಸಿಕ ಸಹಾಯತಾ ಹೆಲ್ಪ್‌ಲೈನು, ‘ಮಿಲಾಪ್’, ‘ಸಹಯೋಗ್’ ಎಂಬ ಯೋಜನೆಗಳು. 2008ರಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯೀ ಸಮಿತಿ ಸೈನಿಕರ ಒತ್ತಡದ ಒಂದೇ ವಿಷಯದ ಮೇಲೆ ವರದಿ ಕೊಟ್ಟಿತು. ಆದರೆ 2022ರ ಜುಲೈನಲ್ಲಿ ಸರ್ಕಾರ ರಾಜ್ಯಸಭೆಗೆ ತಿಳಿಸಿದಂತೆ ಐದು ವರ್ಷಗಳಲ್ಲಿ ಭೂಸೇನೆಯಲ್ಲಿ 642, ವಾಯುಸೇನೆಯಲ್ಲಿ 148, ನೌಕಾಸೇನೆಯಲ್ಲಿ 29 ಆತ್ಮಹತ್ಯೆಗಳು. ಈ ಸಂಖ್ಯೆಯಿಂದ ಕಾರ್ಯಕ್ರಮ ಸೋತಿತು ಎನ್ನಲೂ ಆಗದು, ಗೆದ್ದಿತು ಎನ್ನಲೂ ಆಗದು. ಕಾರ್ಯಕ್ರಮ ಇದ್ದ ಪಲ್ಟನ್ನು, ಇಲ್ಲದ ಪಲ್ಟನ್ನು ಎರಡನ್ನೂ ಪಕ್ಕಪಕ್ಕ ಇಟ್ಟು, ಮೊದಲು ಮತ್ತು ಆಮೇಲೆ ನೋಡಿದರೆ ತಾನೆ ತಿಳಿಯುವುದು?

ದಿಲ್ಲಿಯ ಸೇನಾ ಅಧ್ಯಯನ ಸಂಸ್ಥೆಯಾದ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸೇವೆಯಲ್ಲಿದ್ದ ಕರ್ನಲ್ ಒಬ್ಬರು 2019-20ರಲ್ಲಿ ಸೈನಿಕರ ಒತ್ತಡದ ಅಧ್ಯಯನ ಮಾಡಿದರು. ಅರ್ಧಕ್ಕಿಂತ ಹೆಚ್ಚು ಸೈನಿಕರು ತೀವ್ರ ಒತ್ತಡದಲ್ಲಿದ್ದಾರೆ, 15 ವರ್ಷಗಳ ಕ್ರಮಗಳು ಬಯಸಿದ ಫಲ ಕೊಟ್ಟಿಲ್ಲ ಎಂದು ಅದು ಹೇಳಿತು. ಸಮಯಕ್ಕೆ ಸಿಗದ ಸುಟ್ಟಿಯೂ ಅದರ ಕಾರಣಗಳ ಪಟ್ಟಿಯಲ್ಲಿತ್ತು. 2021ರ ಜನವರಿಯಲ್ಲಿ ಸುದ್ದಿಯಾದ ಕೂಡಲೇ ಅದನ್ನು ಸಂಸ್ಥೆಯ ಜಾಲತಾಣದಿಂದ ತೆಗೆದರು. ಅಧ್ಯಯನಕ್ಕಾಗಿ ಪ್ರಶ್ನೆ ಕೇಳಿದ ಸೈನಿಕರ ಸಂಖ್ಯೆ ಕಡಿಮೆ ಎಂಬ ಆಕ್ಷೇಪ ಸೇನೆಯ ಕಡೆಯಿಂದ ಬಂತು. ಆಕ್ಷೇಪ ಸರಿಯೇ ಇರಬಹುದು. ಹಾಗಿದ್ದರೆ ಹೆಚ್ಚು ಜನರನ್ನು ಕೇಳಬೇಕಿತ್ತು, ಕಾಗದ ಮುಚ್ಚಿಡಬಾರದಿತ್ತು. ದುಡ್ಡಿಗೆ ಕೊರತೆ ಇಲ್ಲದ ಅಮೆರಿಕೆಯದೂ ಹೆಚ್ಚುಕಡಿಮೆ ಇದೇ ಕಥೆ: ಅಲ್ಲಿಯ ಸೇನೆಯ ಮನೋಬಲ ಕಾರ್ಯಕ್ರಮಗಳಲ್ಲಿ ಬಹಳಷ್ಟನ್ನು ಸರಿಯಾಗಿ ಪರೀಕ್ಷಿಸಿಯೇ ಇಲ್ಲ ಎಂದು ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2014ರಲ್ಲಿ ಬರೆಯಿತು.

ಸೇನೆ ತನ್ನೊಳಗೆ ಅಳೆಯುವುದನ್ನು ಅಳೆಯಲಿ. ಊರಿನ ಕಡೆಯ ಅಳತೆ ನಮ್ಮ ಕೈಯಲ್ಲಿದೆ. ಚಿಕ್ಕೋಡಿ, ರಾಯಬಾಗ, ಅಥಣಿಯ ಜೊತೆಗೆ ಹೊಸ ತಾಲೂಕುಗಳಾದ ನಿಪ್ಪಾಣಿ, ಕಾಗವಾಡದ ತಹಶೀಲ್ದಾರರು ಪ್ರತಿ ವರ್ಷ ಒಂದು ಪಟ್ಟಿ ಪ್ರಕಟಿಸಲಿ: ಸೇವೆಯಲ್ಲಿರುವ ಸೈನಿಕರ ವಾಟ್ನಿ (ಪಾಲು), ಮೋಜಣಿ (ಅಳತೆ), ಉತಾರದ ಅರ್ಜಿಗಳು ಎಷ್ಟು ಬಂದವು, ಅವರ ಸುಟ್ಟಿ ಮುಗಿಯುವುದರೊಳಗೆ ಎಷ್ಟು ಇತ್ಯರ್ಥವಾದವು.