ಹೆಜ್ಜೆ ಎಣಿಸಿ ತಿರುಗುವ ಮೋಟಾರು: ದೂರವಾಣಿನಗರದಿಂದ ಕುಂದಾಪುರದವರೆಗೆ

ಸ್ಟೆಪ್ಪರ್ ಮೋಟಾರ್ ಕರೆಂಟು ಕೊಟ್ಟ ಕೂಡಲೇ ಗಿರಗಿರನೆ ತಿರುಗುವುದಿಲ್ಲ. ಒಂದು ಪಲ್ಸ್, ಅಂದರೆ ಕರೆಂಟಿನ ಒಂದು ಮಿಡಿತ, ಬಂದರೆ ಒಂದು ಹೆಜ್ಜೆ ಇಟ್ಟು ಅಲ್ಲೇ ಬಿಗಿಯಾಗಿ ನಿಲ್ಲುತ್ತದೆ. ಹವ್ಯಾಸಿಗಳ ಮೇಜಿನ ಮೇಲೆ ಹೆಚ್ಚಾಗಿ ಕಾಣುವ ಮೋಟಾರಿನ ಒಂದು ಹೆಜ್ಜೆ 1.8 ಡಿಗ್ರಿ, 200 ಹೆಜ್ಜೆಗೆ ಒಂದು ಪೂರ್ತಿ ಸುತ್ತು. ಒಳಗಿನ ಸುರುಳಿಗಳಿಗೆ ಯಾವ ಸರದಿಯಲ್ಲಿ, ಎಷ್ಟು ಬೇಗ ಕರೆಂಟು ಹರಿಯಬೇಕೆಂಬ ಲೆಕ್ಕವನ್ನು ಹೊರಗಿನಿಂದ ಒದಗಿಸುವ ಸಲಕರಣೆಯೇ ಕಂಟ್ರೋಲರ್. ದೊಡ್ಡ ಕಾರ್ಖಾನೆಗಳ ಸೊತ್ತಾಗಿದ್ದ ಈ ಲೆಕ್ಕ ಅಂಗೈಯಗಲದ ಫಲಕಕ್ಕೆ ಇಳಿಯುವವರೆಗಿನ ಹಲವು ಘಟ್ಟಗಳು ಕರ್ನಾಟಕದಲ್ಲೇ ಕಾಣಸಿಗುತ್ತವೆ.

ಹೆಜ್ಜೆ ಹೆಜ್ಜೆಯಾಗಿ ಯಂತ್ರವನ್ನು ಸರಿಸುವ ವಿದ್ಯೆ ಮೋಟಾರಿಗಿಂತ ಹಳೆಯದು. ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ಸ್ವಯಂಚಾಲಿತ ಟೆಲಿಫೋನ್ ಸ್ವಿಚ್ ಇದೇ ತತ್ತ್ವದ್ದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷ್ ನೌಕಾಪಡೆ ಫಿರಂಗಿಗಳ ದಿಕ್ಕನ್ನು ಹಡಗಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿಳಿಸಲು ಹೆಜ್ಜೆ ಲೆಕ್ಕದ ವಿದ್ಯುತ್ ಸಾಧನಗಳನ್ನು ಬಳಸಿತು.

ಸ್ಟ್ರೌಜರ್ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಕರ್ನಾಟಕಕ್ಕೆ ತಂದದ್ದು 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಎಂದೇ ಹೆಸರಾಯಿತು. ಅಲ್ಲಿ ತಯಾರಾದ ಎಕ್ಸ್‌ಚೇಂಜುಗಳ ಕೆಲಸವನ್ನು ಕಣ್ಣಾರೆ ನೋಡಬಹುದಿತ್ತು. ಫೋನಿನ ಡಯಲ್‌ನಲ್ಲಿ 5ರ ತೂತಿಗೆ ಬೆರಳಿಟ್ಟು ತಿರುಗಿಸಿ ಬಿಟ್ಟರೆ, ಡಯಲ್ ಹಿಂದಕ್ಕೆ ಬರುವಾಗ ತಂತಿಯ ಕರೆಂಟು ಐದು ಸಲ ಕಡಿದು ಕೂಡುತ್ತದೆ. ಎಕ್ಸ್‌ಚೇಂಜಿನಲ್ಲಿ ವಿದ್ಯುತ್ಕಾಂತವೊಂದು ಐದು ಸಲ ಎಳೆದು, ಹಲ್ಲುಪಟ್ಟಿಯ ಸಹಾಯದಿಂದ ಸ್ವಿಚ್ಚಿನ ತೋಳನ್ನು ಐದು ಮೆಟ್ಟಿಲು ಮೇಲಕ್ಕೆ ಏರಿಸುತ್ತದೆ. ಇಲ್ಲಿ ಮೋಟಾರಿಲ್ಲ, ಚಿಪ್ಪಿಲ್ಲ. ಆದರೆ ಪಲ್ಸ್ ಎಣಿಸಿದಷ್ಟೇ ಚಲನೆ ಎಂಬ ನಿಯಮ ಪೂರ್ತಿಯಾಗಿ ಇದೆ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಶುರುಮಾಡಿದ್ದು ಕಿತ್ತೂರಿನಲ್ಲಿ. ಮುಂದಿನ ವರ್ಷಗಳಲ್ಲಿ ಟಕಟಕ ಸದ್ದಿನ ಹಳೆಯ ಎಕ್ಸ್‌ಚೇಂಜುಗಳು ಒಂದೊಂದಾಗಿ ಮರೆಯಾದವು.

ನಿಜವಾದ ಸ್ಟೆಪ್ಪರ್ ಮೋಟಾರ್ ಜನರ ಮನೆಗೆ ಬಂದದ್ದು ಕ್ವಾರ್ಟ್ಜ್ ಗಡಿಯಾರದ ಹೊಟ್ಟೆಯಲ್ಲಿ. ಫ್ರಾನ್ಸಿನ ಮಾರಿಯಸ್ ಲವೆ 1936ರಲ್ಲಿ ರೂಪಿಸಿದ ಪುಟ್ಟ ಮೋಟಾರಿನ ಬಗೆಯೇ ಇಂದಿಗೂ ಗಡಿಯಾರಗಳಲ್ಲಿದೆ. ಎಚ್‌ಎಂಟಿ ಸಂಸ್ಥೆ 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳಿಗಾಗಿ ಹುಟ್ಟಿ, ಮುಂದಿನ ದಶಕದಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಕ್ಕೆ ಕೈಹಾಕಿತು. 1978ರಲ್ಲಿ ತುಮಕೂರಿನಲ್ಲೂ ಗಡಿಯಾರ ಕಾರ್ಖಾನೆ ತೆರೆಯಿತು. ಆ ಬಳಿಕ ಎಚ್‌ಎಂಟಿಯ ಕ್ವಾರ್ಟ್ಜ್ ಗಡಿಯಾರಗಳು ಪೇಟೆಗೆ ಬಂದವು. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಚಿಪ್ ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿ ಸೆಕೆಂಡಿಗೆ ಒಂದೇ ಪಲ್ಸ್‌ಗೆ ಇಳಿಸುತ್ತದೆ. ಆ ಪಲ್ಸ್ ಒಮ್ಮೆ ಹೀಗೆ, ಒಮ್ಮೆ ಹಾಗೆ ದಿಕ್ಕು ಬದಲಿಸಿ ಸುರುಳಿಗೆ ಹರಿದಾಗ ಅಯಸ್ಕಾಂತದ ರೋಟರ್ ಅರ್ಧ ಸುತ್ತು ಹೊರಳಿ, ಸೆಕೆಂಡಿನ ಮುಳ್ಳು ಒಂದು ಗೆರೆ ದಾಟುತ್ತದೆ. ಕಂಪ್ಯೂಟರಿನ ಹಂಗಿಲ್ಲದೆ ಒಂದೇ ಸೆಲ್ಲಿನಲ್ಲಿ ವರ್ಷಗಟ್ಟಲೆ ದುಡಿಯುವ ಈ ಚಿಪ್ಪನ್ನು ಸ್ವತಂತ್ರ ಸ್ಟೆಪ್ಪರ್ ಕಂಟ್ರೋಲರುಗಳ ಹಿರಿಯಣ್ಣ ಎನ್ನಲು ಅಡ್ಡಿಯಿಲ್ಲ.

ಈ ವಿದ್ಯೆಯನ್ನು ಯುವಜನರ ಕೈಗೆ ಕೊಟ್ಟದ್ದು ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯ. ಕರಾವಳಿಯಲ್ಲಿ ಮಣಿಪಾಲದ ತಾಂತ್ರಿಕ ಕಾಲೇಜು 1957ರದು, ಸುರತ್ಕಲ್ಲಿನದು 1960ರದು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು; ಮುಂದೆ ಕುಂದಾಪುರದ ಹತ್ತಿರದ ಮೂಡ್ಲಕಟ್ಟೆಯಲ್ಲೂ ಕಾಲೇಜು ಬಂತು. ಮೈಕ್ರೊಪ್ರೊಸೆಸರ್ ಲ್ಯಾಬಿನ ಪ್ರಯೋಗಗಳ ಪಟ್ಟಿಯಲ್ಲಿ ಸ್ಟೆಪ್ಪರ್ ಮೋಟಾರ್ ತಿರುಗಿಸುವುದು ತಪ್ಪದೆ ಇರುತ್ತಿತ್ತು. ಮೈಕ್ರೊಪ್ರೊಸೆಸರ್ ಕಿಟ್ಟಿನ ಕೀಲಿಗಳನ್ನು ಒತ್ತಿ ಹೆಕ್ಸ್ (ಹದಿನಾರರ) ಲೆಕ್ಕದ 88 ಎಂಬ ಸಂಖ್ಯೆಯನ್ನು ಪೋರ್ಟಿಗೆ ಕಳಿಸಿ, ಸ್ವಲ್ಪ ತಡೆದು, ಅದರ ಬಿಟ್ಟುಗಳನ್ನು ಒಂದು ಸ್ಥಾನ ಬಲಕ್ಕೆ ಹೊರಳಿಸಿದರೆ 44. ಮತ್ತೆ ಹೊರಳಿಸಿದರೆ 22, 11, ಮರಳಿ 88. ನಾಲ್ಕು ಸುರುಳಿಗಳು ಸರದಿಯಾಗಿ ಜೀವ ತಳೆದು ಮೋಟಾರು ತಿರುಗುತ್ತದೆ. ಎಡಕ್ಕೆ ಹೊರಳಿಸಿದರೆ ದಿಕ್ಕು ಬದಲು. ತಡೆಯ ಹೊತ್ತನ್ನು ತೀರಾ ಕಡಿಮೆ ಮಾಡಿದರೆ ಮೋಟಾರು ತಿರುಗದೆ ನಿಂತಲ್ಲೇ ನಡುಗುತ್ತದೆ. ಕಂಟ್ರೋಲರ್ ಮಾಡಬೇಕಾದ ಕೆಲಸದ ತಿರುಳನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪಾಠ ಇನ್ನೊಂದಿಲ್ಲ.

ಲ್ಯಾಬಿನಾಚೆ ಸ್ವಂತ ಯಂತ್ರ ಕಟ್ಟಲು ಹೊರಟವರು ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ನೆಚ್ಚಿದರು. ಕೆಟ್ಟ ಪ್ರಿಂಟರುಗಳಿಂದ ಬಿಚ್ಚಿದ ಮೋಟಾರುಗಳೂ ಕೆಲಸಕ್ಕೆ ಬರುತ್ತಿದ್ದವು. ಆಗ ಲೆಕ್ಕವನ್ನೆಲ್ಲ ಮಾಡುತ್ತಿದ್ದುದು ಕಂಪ್ಯೂಟರ್. ಅದರ ಪ್ರಿಂಟರ್ ಪೋರ್ಟಿನ ಒಂದು ಪಿನ್ ಹೆಜ್ಜೆಗೆ, ಇನ್ನೊಂದು ದಿಕ್ಕಿಗೆ. ಕಂಪ್ಯೂಟರ್ ಬೇರಾವುದೋ ಕೆಲಸಕ್ಕೆ ತಿರುಗಿ ಪಲ್ಸ್ ಚೂರು ತಡವಾದರೂ ಮೋಟಾರು ಹೆಜ್ಜೆ ತಪ್ಪುತ್ತಿತ್ತು. ತಪ್ಪಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಮೋಟಾರು ಎಲ್ಲಿದೆ ಎಂದು ತಿರುಗಿ ತಿಳಿಸುವ ಏರ್ಪಾಡು ಈ ಪದ್ಧತಿಯಲ್ಲಿಲ್ಲ. 2005ರಲ್ಲಿ ಇಟಲಿಯಲ್ಲಿ ಆರ್ಡುಯಿನೊ ಫಲಕ, 2009ರಲ್ಲಿ ನಾರ್ವೆಯಲ್ಲಿ ಅದಕ್ಕೆಂದೇ ಬರೆದ ಜಿಆರ್‌ಬಿಎಲ್ ತಂತ್ರಾಂಶ ಬಂದ ಮೇಲೆ ಪಲ್ಸ್ ಎಣಿಸುವ ಹೊಣೆ ಕಂಪ್ಯೂಟರಿನಿಂದ ಪುಟ್ಟ ಚಿಪ್ಪಿಗೆ ದಾಟಿತು. ಮೆಮೊರಿ ಕಾರ್ಡಿನಿಂದ ತಾನೇ ಆದೇಶ ಓದುವ ಕಂಟ್ರೋಲರುಗಳು ಬಂದ ಮೇಲಂತೂ ದೂಳಿನ ಕೊಟ್ಟಿಗೆಯಲ್ಲಿ ಕಂಪ್ಯೂಟರ್ ಇಡಬೇಕಾದ ಕಷ್ಟವೇ ತಪ್ಪಿತು.

ಇಂಥ ಕಂಟ್ರೋಲರಿನ ಗುಣ ಗೊತ್ತಾಗುವುದು ಸಣ್ಣ ಲೆಕ್ಕಗಳಲ್ಲಿ. 60 ಹಲ್ಲಿನ ಗಾಲಿ ಕಡಿಯಬೇಕೆಂದುಕೊಳ್ಳೋಣ. ಒಂದು ಹೆಜ್ಜೆಯನ್ನು ಹದಿನಾರು ಪಾಲು ಮಾಡಿದರೆ ಸುತ್ತಿಗೆ 3200 ಪಲ್ಸ್; ಪ್ರತಿ ಹಲ್ಲಿಗೆ 53.33. ಪ್ರತಿ ಸಲ 53 ಎಂದೇ ಹಿಡಿದರೆ ಕೊನೆಯಲ್ಲಿ 20 ಪಲ್ಸ್, ಅಂದರೆ 2.25 ಡಿಗ್ರಿ ಕಡಿಮೆ ಬಿದ್ದು ಒಂದು ಹಲ್ಲಿನ ಸಂದು ಅಗಲವಾಗುತ್ತದೆ. ಒಳ್ಳೆಯ ಕಂಟ್ರೋಲರ್ ಪ್ರತಿ ಹಲ್ಲಿನ ಜಾಗವನ್ನು ಮೊದಲ ಹಲ್ಲಿನಿಂದ ಲೆಕ್ಕಹಾಕಿ 53, 54, 53 ಎಂದು ಹಂಚುತ್ತದೆ. ತಪ್ಪು ಎಲ್ಲೂ ಗುಡ್ಡೆಯಾಗುವುದಿಲ್ಲ. ವೇಗವನ್ನು ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸುವುದೂ ಅದರದೇ ಕೆಲಸ.

ಕುಂದಾಪುರ, ಬ್ರಹ್ಮಾವರ, ಬೈಂದೂರಿನ ಕಡೆ ಮರಗೆಲಸಕ್ಕೆ ಹಳೆಯ ಪರಂಪರೆಯಿದೆ. ಬಾಗಿಲು, ದೇವರ ಕೋಣೆಯ ಜಾಲರಿಗಳಿಗೆ ಈಗ ಸ್ಟೆಪ್ಪರ್ ಮೋಟಾರುಗಳಿಂದ ಸರಿಯುವ ರೂಟರ್ ಯಂತ್ರದ ಕೆತ್ತನೆಯೂ ಸೇರಿಕೊಂಡಿದೆ. ಕೈಯಲ್ಲಿ ಹಿಡಿಯುವ ರಿಮೋಟಿನಂಥ ಸ್ವತಂತ್ರ ಕಂಟ್ರೋಲರ್ ಇಂಥ ಯಂತ್ರಗಳಲ್ಲಿ ರೂಢಿಗೆ ಬಂದದ್ದಕ್ಕೆ ಬೆಲೆಯೊಂದೇ ಕಾರಣವಲ್ಲ. ಘಟ್ಟದ ಬುಡದ ಕೊಲ್ಲೂರಿನಂಥ ಊರಲ್ಲಿ ಮಳೆಗಾಲವೆಂದರೆ ಮರ ಬಿದ್ದು ಕರೆಂಟು ಹೋಗುವ ಕಾಲ. ಕೆತ್ತನೆಯ ನಡುವೆ ಹೀಗಾದಾಗ, ಆದೇಶಗಳ ಯಾವ ಸಾಲಿನವರೆಗೆ ಕೆಲಸ ಮುಗಿದಿತ್ತು ಎಂಬುದನ್ನು ಇಂಥ ಕಂಟ್ರೋಲರುಗಳಲ್ಲಿ ಹಲವು ನೆನಪಿಟ್ಟುಕೊಳ್ಳುತ್ತವೆ. ಆದರೆ ಕರೆಂಟಿಲ್ಲದ ಮೋಟಾರು ಹಿಡಿತ ಸಡಿಲಿಸುವುದರಿಂದ ಯಂತ್ರದ ತಲೆ ಕೊಂಚ ಜಾರಿರಬಹುದು. ಆದ್ದರಿಂದ ಕರೆಂಟು ಬಂದ ಮೇಲೆ ಮೊದಲು ಮೂರೂ ದಿಕ್ಕಿನ ಕೊನೆಯಲ್ಲಿರುವ ಲಿಮಿಟ್ ಸ್ವಿಚ್ ಮುಟ್ಟಿಸಿ ಸೊನ್ನೆಯನ್ನು ಮತ್ತೆ ಗೊತ್ತುಮಾಡಿ, ನಿಂತ ಸಾಲಿಗಿಂತ ಕೆಲವು ಸಾಲು ಹಿಂದಿನಿಂದ ಕೆತ್ತನೆ ಮುಂದುವರಿಸಬೇಕಾಗುತ್ತದೆ.