ಆಸ್ಪತ್ರೆಯ ಹಾಸಿಗೆಯಿಂದ ಮನೆಯ ಜಗಲಿಗೆ

ಮಂಗಳೂರಿನ ಹಳಬರಿಗೆ ಫಾದರ್ ಮುಲ್ಲರ್ ಆಸ್ಪತ್ರೆ ಇಂದಿಗೂ ‘ಕಂಕನಾಡಿ ಆಸ್ಪತ್ರೆ’. ಜರ್ಮನಿಯಿಂದ ಬಂದ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಇಲ್ಲಿನ ಆಲದ ಮರದಡಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ, 1902ರಲ್ಲಿ ಪ್ಲೇಗ್ ಆಸ್ಪತ್ರೆ ಬಂದವು. ಎರಡೂ ಮನೆಯವರೇ ಹೆದರಿ ದೂರವಿಡುತ್ತಿದ್ದ ರೋಗಗಳು. ಅಂಥವರನ್ನು ಮನೆಯಿಂದ ಕರೆತಂದು ಒಂದು ಸೂರು ಕೊಡುವುದೇ ಅಂದಿನ ದೊಡ್ಡ ಸೇವೆ. ಇಂದು ಪ್ರಶ್ನೆ ತಿರುವುಮುರುವಾಗಿದೆ. ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಯ ಹೊಣೆ ಯಾರದು?

ಈ ಪ್ರಶ್ನೆಗೆ ಮೊದಲ ವ್ಯವಸ್ಥಿತ ಉತ್ತರ ಹುಟ್ಟಿದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ವರ್ತಕ ವಿಲಿಯಂ ರಾತ್‌ಬೋನ್ 1859ರಲ್ಲಿ ಪತ್ನಿಯನ್ನು ಕಳಕೊಂಡರು. ಆಕೆಯ ಶುಶ್ರೂಷೆ ಮಾಡಿದ್ದ ಮೇರಿ ರಾಬಿನ್ಸನ್ ಎಂಬ ನರ್ಸನ್ನು ಅವರು ಬಡವರ ಮನೆಗಳಿಗೆ ಕಳುಹಿಸಿದರು. ಒಂದೇ ತಿಂಗಳಲ್ಲಿ ಆಕೆ ಅಳುತ್ತಾ ಮರಳಿದಳು. ಅಲ್ಲಿನ ದುರವಸ್ಥೆ ನೋಡಲಾಗದು ಎಂಬುದು ಅವಳ ಮಾತು. ಹೇಗೋ ಒಪ್ಪಿಸಿ ಮುಂದುವರಿಸಿದ ಮೇಲೆ ಕೆಲಸ ಫಲ ಕೊಟ್ಟಿತು. 1862ರಲ್ಲಿ ನರ್ಸ್‌ಗಳ ತರಬೇತಿ ಶಾಲೆ ತೆರೆಯಿತು, ಪಟ್ಟಣ 18 ವಿಭಾಗಗಳಾಯಿತು. ಆದರೆ ಗಮನಿಸಬೇಕಾದ ಒಂದು ವಿಷಯವಿದೆ. ಆ ವಿಭಾಗಗಳ ಮೇಲ್ವಿಚಾರಣೆ ಸಿರಿವಂತ ಮನೆತನದ ಮಹಿಳೆಯರ ಕೈಯಲ್ಲಿತ್ತು. ನರ್ಸ್ ದುಡಿಯುವವಳು, ಆಡಳಿತ ನಡೆಸುವವರು ಬೇರೆ! 1870ರ ದಶಕದಲ್ಲಿ ಲಂಡನ್‌ನಲ್ಲಿ ಫ್ಲಾರೆನ್ಸ್ ಲೀಸ್ ಈ ಕ್ರಮವನ್ನು ಮುರಿದರು. ಮನೆ ಶುಶ್ರೂಷೆಯ ಮೇಲ್ವಿಚಾರಕಿ ಸ್ವತಃ ತರಬೇತಾದ ನರ್ಸೇ ಆಗಿರಬೇಕು ಎಂಬುದು ಅವರ ಹಟವಾಗಿತ್ತು. ಹಾಸಿಗೆಯ ಬದಿಯಿಂದ ಎದ್ದ ನರ್ಸ್ ಮನೆ ಆರೈಕೆಯ ನಿರ್ವಾಹಕಿಯಾದ ಕಥೆ ಶುರುವಾಗುವುದು ಇಲ್ಲಿಂದ.

ಕಂಕನಾಡಿಯಲ್ಲಿ ನರ್ಸಿಂಗ್ ಶಾಲೆ ಆರಂಭವಾದದ್ದು 1960ರಲ್ಲಿ. ಮುಂದೆ ಕರಾವಳಿಯ ಎಷ್ಟೋ ನರ್ಸ್‌ಗಳು ಗಲ್ಫಿಗೆ ಹೋದರು. ಹಾಗೆಯೇ ಎಷ್ಟೋ ಮನೆಗಳ ಗಂಡುಮಕ್ಕಳೂ ಹೋದರು. ಊರಲ್ಲಿ ಉಳಿದವರು ಉಮ್ಮ, ಮಾಂಯ್, ಅಪ್ಪೆ. ಪಾರ್ಶ್ವವಾಯು ಬಡಿದು ಆಕೆ ಮಲಗಿದರೆ ನಮ್ಮಲ್ಲಿ ಮೊದಲು ಹುಡುಕುವುದು ‘ಹೋಂ ನರ್ಸ್’ ಒಬ್ಬಳನ್ನು. ಹೆಸರಲ್ಲಿ ನರ್ಸ್ ಇದ್ದರೂ ಏಜೆನ್ಸಿಗಳು ಕಳುಹಿಸುವ ಈ ಹೆಣ್ಣುಮಕ್ಕಳಲ್ಲಿ ಅನೇಕರು ನರ್ಸಿಂಗ್ ಕಲಿತವರಲ್ಲ. ಬಡತನ ಅವರನ್ನು ಪರರ ಮನೆಗೆ ತಂದಿದೆ. ಮೂಗಿನ ನಳಿಕೆಯಲ್ಲಿ ಗಂಜಿ ಕೊಡುವುದು ಹೇಗೆ, ಬೆನ್ನು ಹುಣ್ಣಾಗದಂತೆ ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಯಾರೂ ಹೇಳಿಕೊಡದೆ ಅವರನ್ನು ದೂರುವುದರಲ್ಲಿ ನ್ಯಾಯವಿಲ್ಲ.

ನಿರ್ವಾಹಕಿಯ ಕೆಲಸ ಇರುವುದು ಇಲ್ಲಿಯೇ. ಮೊದಲ ಭೇಟಿಯಲ್ಲಿ ಅವಳು ನಾಡಿಯನ್ನಷ್ಟೇ ನೋಡುವುದಿಲ್ಲ, ಮನೆಯನ್ನೇ ನೋಡುತ್ತಾಳೆ. ಮಂಚದ ಎತ್ತರ ಎಷ್ಟು? ಬಚ್ಚಲಿಗೆ ಎಷ್ಟು ಮೆಟ್ಟಿಲು? ಮಾತ್ರೆ ಕೊಡುವವರು ಯಾರು, ಅವರಿಗೆ ಓದು ಬರುತ್ತದೆಯೇ? ಆಮೇಲೆ ವಾರಕ್ಕೆ ಎಷ್ಟು ಭೇಟಿ, ಯಾವ ಕೆಲಸ ನರ್ಸ್‌ಗೆ, ಯಾವುದು ಸಹಾಯಕಿಗೆ, ಯಾವುದು ಸೊಸೆಗೆ ಎಂದು ಬರೆದಿಡುತ್ತಾಳೆ. ವೈದ್ಯರಿಗೆ ವರದಿ, ಮನೆಯವರಿಗೆ ಖರ್ಚಿನ ಲೆಕ್ಕ ಎರಡೂ ಅವಳದೇ. ವಾರ್ಡಿನಲ್ಲಿ ಸಂಶಯ ಬಂದರೆ ಪಕ್ಕದಲ್ಲಿ ವೈದ್ಯರಿದ್ದರು. ಇಲ್ಲಿ ಫೋನಿನಲ್ಲಿ ಕೇಳಿದ ಎರಡು ಮಾತಿನಿಂದಲೇ ಆಸ್ಪತ್ರೆಗೆ ಸಾಗಿಸಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾಗುತ್ತದೆ. ವರ್ಷಗಟ್ಟಲೆ ರೋಗಿಯ ಮೈ ಮುಟ್ಟಿ ಆರೈಕೆ ಮಾಡದವಳಿಗೆ ಅದು ಸಾಧ್ಯವೇ? ಬರಿಯ ಆಡಳಿತದ ಪದವಿ ಹಿಡಿದು ಬಂದವರಿಗೆ ಈ ಹುದ್ದೆ ಒಗ್ಗುವುದಿಲ್ಲವೆಂದು ನಾವು ಹೇಳುವುದು ಇದೇ ಕಾರಣಕ್ಕೆ.

ನೆರೆಯ ಕೇರಳದಲ್ಲಿ ಇನ್ನೊಂದು ದಾರಿ ಇದೆ. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಶುರುವಾದ ನೋವು ಶಮನದ ಕೆಲಸ ಕ್ರಮೇಣ ಮಲಪ್ಪುರಂನ ಊರೂರಿಗೆ ಹಬ್ಬಿತು. ಸ್ವಯಂಸೇವಕರು ಹಣ ಕೂಡಿಸಿದರು, ನರ್ಸ್ ವಾಹನದಲ್ಲಿ ಮನೆಮನೆಗೆ ಹೋದಳು. 2008ರಲ್ಲಿ ಕೇರಳ ಸರಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದಲೇ ಕ್ಯಾನ್ಸರ್ ರೋಗಿಗಳ ಮನೆಗೆ ಹೋಗುತ್ತಿದೆ. ಆ ಬಳಿಕ ಬಂದ ಖಾಸಗಿ ಕಂಪೆನಿಗಳ ಸೇವೆ ಹಣ ತೆರಬಲ್ಲವರಿಗೆ ಮಾತ್ರ.

1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆ ಬಂದಿದೆ. ಕಲಿತ ನರ್ಸ್‌ನ ಹೆಸರು ನೋಂದಣಿಯಲ್ಲಿರುತ್ತದೆ. ಏನೂ ಕಲಿಯದೆ ಉಮ್ಮನ ಮಂಚದ ಪಕ್ಕ ರಾತ್ರಿಯಿಡೀ ಎಚ್ಚರವಿರುವ ಹುಡುಗಿಯ ಹೆಸರು ಅಲ್ಲಿಲ್ಲ. ನಡುರಾತ್ರಿ ಉಮ್ಮನ ಉಸಿರು ಏರಿದರೆ ಅವಳು ಫೋನು ಮಾಡುವುದು ದುಬೈಯಲ್ಲಿರುವ ಮಗನಿಗೆ.